ಸಾಗವಾನಿ ಹಲಗೆಗೆ ಜೋಳದ ಹಿಟ್ಟು

ಬೆಟಗೇರಿಯ ನಮ್ಮ ಮಾವನವರ ಮನೆಯ ಮಹಡಿಗೆ ಸಾಗವಾನಿ ಹಲಗೆಯ ನೆಲವಿದೆ. ಯಾವ ಕಾಲದಲ್ಲೋ ಅದರ ಮೇಲೆ ಪ್ಲಾಸ್ಟಿಕ್ ಹಾಸು ಅಂಟಿಸಿ, ಸಾಗವಾನಿಯ ಅಂದವನ್ನೇ ಮುಚ್ಚಿಬಿಟ್ಟಿದ್ದರು. ಅದನ್ನು ಬೆಳಕಿಗೆ ತರಲು ನನ್ನಂಥ ಅಳಿಯನೇ ಬರಬೇಕಾಯಿತು! ಶಿಗ್ಲಿಯ ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು, ಓದಿದ್ದೂ ರಸಾಯನಶಾಸ್ತ್ರ. ನನ್ನ ಮುಂದೆ ಅಂಟಿನ ಆಟವೇ?

ಹೆಂಡತಿ ರೋಹಿಣಿ ಆ ಮಹಡಿಯಲ್ಲಿ ಕೈಮಗ್ಗದ ಸೀರೆ ಮಾರಲು ಶುರು ಮಾಡುವವಳಿದ್ದಳು. ಮೊದಲ ಗಿರಾಕಿಗಳು ಭಾನುವಾರ ಲಕ್ಷ್ಮೇಶ್ವರದಿಂದ ಬರುವವರಿದ್ದರು.

“ಮ್ಯಾಲೆ ಹೊಸಾ ಹಾಸು ಹಾಕಸೂಣ್ರಿ. ಜಲ್ದಿ ಮುಗೀತೈತಿ.”

“ಸಾಗವಾನಿ ಮ್ಯಾಲೆ ಮತ್ತ ಪ್ಲಾಸ್ಟಿಕ್ಕಾ? ನಾ ಇರೂತನಾ ಆಗೂದಿಲ್ಲ! ಬಂದವ್ರು ಸೀರಿ ಬಿಟ್ಟು ನೆಲಾ ನೋಡಬೇಕು, ಹಂಗ ಮಾಡ್ತೀನಿ!”

“ನಾ ಏನ್ ನೆಲಾ ಮಾರಾಕ ಕುಂತೀನೇನ್ರಿ? ಬೋಣಿ ಕೆಟ್ರ ನೋಡ್ರಿ ಮತ್ತ!”

ಶನಿವಾರ ಹಾಸು ಕಿತ್ತೆ. ಹಾಸು ಬಂತು, ಅಂಟು ಬರಲಿಲ್ಲ. ಸೀದ ಬೆಲ್ಲದ ಪಾಕದಂತೆ ಕಪ್ಪಗೆ ಕುಳಿತಿತ್ತು. ಕೆರೆದರೆ ನನ್ನ ಉಗುರು ಹೋಯಿತೇ ಹೊರತು ಅದು ಹೋಗಲಿಲ್ಲ. ಶೇಂಗಾ ಎಣ್ಣೆ ಸುರಿದೆ. ಮಧ್ಯಾಹ್ನದ ಹೊತ್ತಿಗೆ ಅಂಟು ಮೆತ್ತಗಾಗಿ ಸುರುಳಿ ಸುರುಳಿಯಾಗಿ ಎದ್ದು ಬಂತು! ವಿಜಯೋತ್ಸಾಹದಲ್ಲಿ ಎರಡು ಹೆಜ್ಜೆ ನಡೆದೆ. ಮುಂದಿನ ದಾರಿಯನ್ನು ಕುಳಿತೇ ಜಾರಿದೆ, ಗೋಡೆಯವರೆಗೆ.

ಇನ್ನು ಎಣ್ಣೆ ತೆಗೆಯಬೇಕು. ಒಲೆಕಟ್ಟೆಯ ಮೇಲೆ ಎಣ್ಣೆ ಚೆಲ್ಲಿದರೆ ನಮ್ಮವ್ವ ಜೋಳದ ಹಿಟ್ಟು ಉದುರಿಸಿ ಒರೆಸುತ್ತಿದ್ದಳು. ಸರಿ, ಹಿಟ್ಟಿನ ಡಬ್ಬಿ ಮಹಡಿ ಏರಿತು. ಹಿಟ್ಟು ಎಣ್ಣೆ ಹೀರಿದ್ದು ಖರೆ. ಆದರೆ ಗುಡಿಸಿದಷ್ಟೂ ಹಲಗೆಯ ಸಂದಿಗೆ ಇಳಿಯಿತು. ತೊಳೆದೇಬಿಡೋಣವೆಂದು ಕುದಿಯುವ ನೀರು ಹೊಯ್ದೆ.

ಜೋಳದ ಹಿಟ್ಟಿಗೆ ಕುದಿಯುವ ನೀರು! ಏನಾಗುತ್ತದೆಂದು ರೊಟ್ಟಿ ತಿನ್ನುವ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ.

ಕೆಳಗೆ ಚಹಾ ಕುಡಿಯುತ್ತಿದ್ದ ಮಾವ ಹನುಮಪ್ಪನವರು ಕೂಗಿದರು: “ಅಳಿಯಾರ! ಮ್ಯಾಲಿಂದ ಏನೋ ಸೋರಾಕತ್ತೈತಿ!”

“ಬರೇ ನೀರ್ರೀ, ಮಾವಾರ!”

ಬೋಳುತಲೆಯ ಮೇಲೆ ಬಿದ್ದದ್ದನ್ನು ಅವರು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರಂತೆ. “ನೀರಲ್ರೀ, ಗಂಜಿ! ಮಗ್ಗದ ನೂಲಿಗೆ ಹಚ್ಚೂ ಗಂಜಿ! ಹದಾ ಭಾಳ ಚಲೋ ಬಂದೈತ್ರಿ!”

ರೋಹಿಣಿ ಮೇಲೆ ಓಡಿಬಂದಳು. ಕಾಲು ಮುಂದೆ ಬಂತು, ಚಪ್ಪಲಿ ಹಿಂದೆ ಉಳಿಯಿತು.

“ಹಳೇ ಅಂಟು ತಗದು ಹೊಸಾ ಅಂಟು ಹಚ್ಚೀರೇನ್ರಿ?”

“ಫ್ಯಾನ್ ಹಚ್ಚೀನಿ. ಮುಂಜಾನಿ ಅಂದ್ರ ಒಣಗತೈತಿ.”

ಮುಂಜಾನೆ ಅಂದರೆ ಗಿರಾಕಿಗಳು ಬಂದರು, ಗಂಜಿ ಒಣಗಿರಲಿಲ್ಲ. ರೋಹಿಣಿ ಹಲ್ಲು ಕಚ್ಚಿ ಅದರ ಮೇಲೆಯೇ ಜಮಖಾನೆ ಹಾಸಿದಳು. ಅದು ನೆಲವನ್ನು ಗಟ್ಟಿಯಾಗಿ ಅಪ್ಪಿಕೊಂಡಿತು. ಬಂದವರು ಕುಳಿತರು, ಎದ್ದರು, ಸೀರೆ ಹರವಿದರು, ಎಳೆದರು, ಮಡಚಿದರು. ಜಮಖಾನೆ ಕೂದಲೆಳೆಯಷ್ಟೂ ಕದಲಲಿಲ್ಲ! ಬೋಣಿ ಭರ್ಜರಿಯಾಯಿತು. ಸಾಗವಾನಿಯನ್ನು ಮಾತ್ರ ಒಬ್ಬರೂ ನೋಡಲಿಲ್ಲ.

ಹೊರಡುವಾಗ ಅವರಲ್ಲಿ ಹಿರಿಯರಾದ ಬೀಬಿಜಾನ ಎಂಬವರು ಜಮಖಾನೆಯ ಅಂಚನ್ನು ಕಾಲ್ಬೆರಳಿನಿಂದ ಎಬ್ಬಿಸಲು ನೋಡಿ ಸೋತರು.

“ಅಬ್ಬಬ್ಬಾ! ಏನ್ ಗಟ್ಟಿ ಕುಂತೈತವಾ ತಂಗಿ! ನಮ್ಮನ್ಯಾಗಿನ ಜಮಖಾನಿ ಯಾವಾಗ್ಲೂ ಸರದು ಮುದ್ದಿ ಆಗತೈತಿ. ಯಾರು ಹಚ್ಚಿಕೊಟ್ರು?”

ರೋಹಿಣಿ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು:

“ನಮ್ಮ ಮನಿಯವರ್ರೀ. ಅದರಾಗ ಡಿಗ್ರಿ ಮಾಡ್ಯಾರ. ಯಾವತ್ತ ಕಳಸ್ಲಿ ಹೇಳ್ರಿ, ಹಿಟ್ಟು ಮಾತ್ರ ನಿಮ್ಮದು!”