ಬಾಣಂತನದ ತುಪ್ಪಕ್ಕೆ ಬೆಕ್ಕಿನ ಕಾವಲು

ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಹುಲ್ಲನ್ನು ಮೊಲ ತಿನ್ನುತ್ತದೆ, ಮೊಲವನ್ನು ನರಿ ತಿನ್ನುತ್ತದೆ, ಹೀಗೆ ಒಂದರ ಸಂಖ್ಯೆಯನ್ನು ಇನ್ನೊಂದು ಹದ್ದುಬಸ್ತಿನಲ್ಲಿಡುತ್ತದೆ ಎಂದು ಕರಿಹಲಗೆಯ ಮೇಲೆ ಬಾಣದ ಗುರುತು ಎಳೆದು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲೇ ಇರಲಿಲ್ಲ. ಇದು ನನ್ನ ಅಭಿಪ್ರಾಯ.

ಮಗಳು ಗಿರಿಜಾ ಚೊಚ್ಚಲ ಬಸುರಿ ಎಂಬ ಸುದ್ದಿ ಸಿಂದಗಿಯ ಬೀಗರಿಂದ ಬಂದ ದಿನವೇ ನನ್ನ ಹೆಂಡತಿ ಶಾಂತವ್ವ ತವರಿನ ಬಾಣಂತನಕ್ಕೆ ಟೊಂಕ ಕಟ್ಟಿದಳು. ಅಂಟಿನುಂಡಿಗೆಂದು ಒಣಕೊಬ್ಬರಿ, ಅಂಟು, ಉತ್ತತ್ತಿ ಕೂಡಿಡತೊಡಗಿದಳು. ಬೆಣ್ಣೆ ಕಾಸಿ ಕಾಸಿ ತುಪ್ಪವನ್ನು ಗಡಿಗೆಗೆ ತುಂಬಿ, ಜಂತಿಗೆ ತೂಗುಬಿಟ್ಟ ಹಗ್ಗದ ನೆಲುವಿಗೆ ಏರಿಸಿದಳು. ಬೀಗರೆದುರು ಅವಳ ಮರ್ಯಾದೆಯೆಲ್ಲ ಆ ಗಡಿಗೆಯಲ್ಲಿತ್ತು. ಅಷ್ಟರಲ್ಲಿ ಕೊಬ್ಬರಿ ಚೀಲಕ್ಕೆ ಇಲಿ ಬಿದ್ದವು.

"ಇಲಿ ಪಾಷಾಣ ತರ್ರಿ," ಎಂದಳು.

"ವಿಷ ಯಾಕ ಬೇಕು? ನಿಸರ್ಗದಾಗ ಎಲ್ಲಾಕ್ಕೂ ವ್ಯವಸ್ಥಾ ಐತಿ," ಎಂದು ನಾನು ಪಕ್ಕದ ಮನೆಯ ಖಾಜಾಬಿಯಿಂದ ಒಂದು ಬೆಕ್ಕು ತಂದೆ. ಆಕೆ ಅದನ್ನು ಎಷ್ಟು ಸಂತೋಷದಿಂದ ಕೊಟ್ಟಳೆಂದರೆ ನನಗೆ ಆಗಲೇ ಸಂಶಯ ಬರಬೇಕಿತ್ತು. ಬೆಕ್ಕಿನ ಹೊಟ್ಟೆ ದುಂಡಗಿತ್ತು. ಚೆನ್ನಾಗಿ ಉಂಡಿದೆ ಎಂದುಕೊಂಡೆ. ಹತ್ತನೆಯ ಇಯತ್ತೆಗೆ ಸಂತಾನೋತ್ಪತ್ತಿಯ ಪಾಠ ಹೇಳುವವನು ನಾನೇ.

ಮುಂದಿನ ವಾರ ಅದು, ಮೊಮ್ಮಗುವಿಗೆಂದು ಹೊಲಿದಿಟ್ಟ ಕೌದಿಯ ಮೇಲೆ ಮರಿ ಹಾಕಿತು.

"ಎಲ್ಯಾರ ಬಿಟ್ಟು ಬರಲೇನು?" ಎಂದೆ.

"ಬಾಣಂತಿನ್ನ ಹೊರಗ ಹಾಕ್ತಾರೇನ್ರಿ? ನಮ್ಮ ಮನಿಗೂ ಬಸುರ ಹೆಣ್ಣಮಗಳು ಬರೂದೈತಿ," ಎಂದು ಶಾಂತವ್ವ ಅದಕ್ಕೆ ಹಾಲು ಹಾಕಿದಳು. ಅಂದಿನಿಂದ ನನ್ನ ಚಹಾ ಕಪ್ಪಾಯಿತು.

ಇಲಿಗಳು ಮಾತ್ರ ಕಡಿಮೆಯಾದವು. ನಾನು ಓಣಿಯಲ್ಲಿ ಎದೆಯುಬ್ಬಿಸಿ ತಿರುಗಿದೆ. ಮರಿಗಳು ಬೆಳೆದವು, ತಾಯಿ ಮತ್ತೆ ಈದಿತು. ಶಾಲೆಯ ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಮುಂದೆ ನಿಂತು ಬರೆಸಿದವನು ನಾನು. ನಮ್ಮ ಮನೆಯಲ್ಲೋ ಕಾಲಿಟ್ಟಲ್ಲೆಲ್ಲ ಬೆಕ್ಕು! ಕೊನೆಗೆ ಇಲಿಗಳು ಮುಗಿದವು, ಬೆಕ್ಕುಗಳ ಹಸಿವು ಮುಗಿಯಲಿಲ್ಲ. ಅವು ತಲೆಯೆತ್ತಿ ನೆಲುವಿನತ್ತ ನೋಡತೊಡಗಿದವು. ಕರಿಹಲಗೆಯ ಮೇಲೆ ನಾನು ಆ ದಿಕ್ಕಿಗೆ ಬಾಣ ಎಳೆದಿರಲಿಲ್ಲ.

ಸೀಮಂತದ ಕುಬಸ ಮುಗಿಸಿಕೊಂಡು ಗಿರಿಜಾ ಬಂದಿಳಿದ ಮಧ್ಯಾಹ್ನವೇ ಗಡಿಗೆ ಕೆಳಗೆ ಬಿತ್ತು. ಬೆಕ್ಕುಗಳು ಪಂಕ್ತಿಗೆ ಕುಳಿತವರಂತೆ ನೆಲ ನೆಕ್ಕುತ್ತಿದ್ದವು. ಶಾಂತವ್ವ ಕೂಗಾಡಲಿಲ್ಲ. ಅಲ್ಲೇ ಕುಳಿತು ಅತ್ತುಬಿಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು, ನನಗೆ ನಿಜಕ್ಕೂ ಸಂಕಟವಾಯಿತು.

ಕಸಬರಿಗೆ ಹಿಡಿದು ಬೆಕ್ಕಿನ ಸಂಸಾರವನ್ನೆಲ್ಲ ಹೊರಗಟ್ಟಿದೆ. ಅವು ನೆಟ್ಟಗೆ ಖಾಜಾಬಿಯ ಮನೆ ಸೇರಿದವು. ಈ ಸುದ್ದಿ ಇಲಿಗಳಿಗೆ ಹೇಗೆ ಮುಟ್ಟಿತೋ, ತಿಂಗಳೊಪ್ಪತ್ತಿನಲ್ಲಿ ಸಕುಟುಂಬ ಸಪರಿವಾರ ಬಂದಿಳಿದವು. ಈ ಸಲ ಕೊಬ್ಬರಿ, ಉತ್ತತ್ತಿಯ ಜೊತೆಗೆ ಕೌದಿಯನ್ನೂ ಕಡಿದು ಹಾಕಿದವು.

"ಇನ್ನೊಂದೀಟು ತಡಿ, ತಾನ ಸಮತೋಲನ ಆಗತೈತಿ," ಎಂದೆ.

"ಆಗ್ಲಿ. ನೀವು ನೋಡ್ಕೋತ ಕುಂದರ್ರಿ. ನನ್ನ ಮಗಳ ಬಾಣಂತನ ನಮ್ಮವ್ವನ ಮನ್ಯಾಗ ಆಗತೈತಿ," ಎಂದು ಶಾಂತವ್ವ ಟ್ರಂಕು ಎತ್ತಿಕೊಂಡು, ಗಿರಿಜಾಳನ್ನು ಕರೆದುಕೊಂಡು ನಾಲತವಾಡದ ಬಸ್ಸು ಹತ್ತಿದಳು. ನಮ್ಮ ಮನೆಯಲ್ಲಿ ಮನುಷ್ಯರ ಸಂಖ್ಯೆ ಒಂದಕ್ಕೆ ಇಳಿಯಿತು.

ಅಡಿಗೆ ಬಾರದ ಆ ಒಂಟಿ ಪ್ರಾಣಿ ಮರುದಿನ ತಾಟು ಹಿಡಿದು ಖಾಜಾಬಿಯ ಬಾಗಿಲಿಗೆ ಹೋಯಿತು. ಬೆಕ್ಕುಗಳು ಆಗಲೇ ಹೊಸ್ತಿಲ ಮುಂದೆ ಕುಳಿತಿದ್ದವು. ಆಕೆ ಹಾಲಿಗೆ ರೊಟ್ಟಿ ಮುರಿದು ಹಾಕುತ್ತ ನನ್ನತ್ತ ನೋಡಿದಳು.

"ನೀವೂ ಬಂದ್ರೇನ್ರಿ ಮಾಸ್ತರ್ರ? ಹಿಂದ ಕುಂದರ್ರಿ. ಇವು ಮೊದಲ ಬಂದಾವ."

ಹಿಂದೆ ಕುಳಿತೆ.