ಮಿಕ್ಕಿದ ಒಂದೆಳೆ

ಸಂಶೋಧನೆ ಮಾಡುವುದು ಅಂಥ ಕಷ್ಟವೇನಲ್ಲ. ಏನು ಸಂಶೋಧನೆ ಎಂದು ನೆಂಟರಿಗೆ ಹೇಳುವುದಿದೆಯಲ್ಲ, ಅದು ಕಷ್ಟ. ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ದ್ರವ್ಯ ಮತ್ತು ಪ್ರತಿದ್ರವ್ಯ. ದ್ರವ್ಯವೆಂದರೆ ನೀವು, ನಾನು, ಕಾಫಿ ಲೋಟ. ಪ್ರತಿದ್ರವ್ಯ ಅದರ ತದ್ವಿರುದ್ಧದ ಅವಳಿ. ಎರಡೂ ತಾಗಿದರೆ ಎರಡೂ ಇಲ್ಲ, ಬರೀ ಬೆಳಕು. ಇಷ್ಟು ಹೇಳುವಷ್ಟರಲ್ಲಿ ನೆಂಟರು, ಅದಿರಲಿ, ಕೆಲಸಕ್ಕೆ ಯಾವಾಗ ಸೇರುತ್ತೀ ಎಂದು ಕೇಳಿಯಾಗಿರುತ್ತಿತ್ತು. ಅಪ್ಪ ಒಬ್ಬರಿಗೆ ಮಾತ್ರ ನನ್ನ ವಿದ್ಯೆಯಲ್ಲಿ ನಂಬಿಕೆ. ಫ್ಯಾನು ಕೆಟ್ಟಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು.

ನನ್ನ ಗೈಡ್ ತಮಿಳರು, ಬಲು ಹಟದವರು. ನಾಲ್ಕು ವರ್ಷದ ಕೆಲಸದ ಸಾರಾಂಶ ಬರೆದು ಸಹಿಗೆ ಒಯ್ದರೆ, ಓದಿ, ಮಡಚಿ, ವಾಪಸು ಕೊಟ್ಟರು. ಇದನ್ನು ಭೌತಶಾಸ್ತ್ರ ಓದದವರಿಗೆ ಅರ್ಥಮಾಡಿಸು, ನಾನೂ ಬಂದು ಕೂರುತ್ತೇನೆ, ಆಮೇಲೆ ಸಹಿ ಎಂದರು. ಸಹಿಯಿಲ್ಲದಿದ್ದರೆ ಇನ್ನೂ ಒಂದು ವರ್ಷ ಅದೇ ಬೆಂಚು. ಹೀಗಾಗಿ ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ, ನಮ್ಮ ದೊಡ್ಡಮ್ಮನ ಬೀದಿಯ ನೇಕಾರರ ಸಂಘದಲ್ಲಿ, ನನ್ನ ಭಾಷಣ ಏರ್ಪಾಡಾಯಿತು. ತಲೆಮಾರುಗಳಿಂದ ರೇಷ್ಮೆ ಸೀರೆ ನೇಯುವ ಜನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು.

ನಾನು ಗತ್ತಿನಿಂದ ವೇದಿಕೆಯ ತಮಿಳಿನಲ್ಲಿ ಶುರುಮಾಡಿದೆ. ಬೋರ್ಡಿನ ತುಂಬ ಸಮೀಕರಣ ಬರೆದೆ. ಹತ್ತೇ ನಿಮಿಷದಲ್ಲಿ ಮುಂದಿನ ಸಾಲಿನಲ್ಲಿದ್ದ ಮಾವನವರೊಬ್ಬರು ಗೊರಕೆ ಹೊಡೆದರು. ಗೈಡ್ ಗಡಿಯಾರ ನೋಡಿಕೊಂಡರು. ಮೂಲೆಯಲ್ಲಿದ್ದ ಮಗ್ಗ ಕಣ್ಣಿಗೆ ಬಿದ್ದಿದ್ದೇ ತಡ, ತಮಿಳು ಬಿಟ್ಟು ಮನೆಯ ಕನ್ನಡಕ್ಕೆ ಇಳಿದೆ. ಗೈಡ್‌ಗೆ ಪಕ್ಕದವರು ಮೆಲ್ಲಗೆ ತಮಿಳಿನಲ್ಲಿ ಹೇಳುತ್ತಾ ಹೋದರು.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸು ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುವುದು ಅವರ ಪದ್ಧತಿ. ಸಾವಿರಾರು ಎಳೆ, ಲೆಕ್ಕಕ್ಕೆ ಸರಿಸಮ. ಹಳೆಯದು ದ್ರವ್ಯ, ಹೊಸದು ಪ್ರತಿದ್ರವ್ಯ ಅಂದುಕೊಳ್ಳಿ ಎಂದೆ. ಒಂದಕ್ಕೊಂದು ಕೂಡಿದ ಕ್ಷಣ ಎರಡೂ ಬೆಳಕಾಗಿ ಮಾಯ. ಲೋಕದ ಆರಂಭದಲ್ಲಿ ಹೀಗೇ ಆಯಿತು ಎಂದು ಕೈಯಾಡಿಸಿ ಮುಗಿಸಿದೆ.

ದೊಡ್ಡಮ್ಮ ಎದ್ದು ನಿಂತರು. ಸಹಿ ಹಾಕುವಷ್ಟೂ ಓದಿದವರಲ್ಲ. ಆ ಬೀದಿಯ ಕನ್ನಡದಲ್ಲಿ ಆಮೇಲೆ ಎಂಬುದು ತಮಿಳಿನ ಅಪ್ಪುರ, ಮುದ್ದಿನ ಮಗು ಎಂಬುದು ಕಣ್ಣು.

"ಎಲ್ಲಾ ಜೋಡಿಜೋಡಿಯಾಗಿ ಹೋಗ್ಬುಟ್ರೆ ಅಪ್ಪುರ ನಾವು ಎಂಗೆ ಕುಂತಿದೀವಿ ಕಣ್ಣು? ಒಂದೆಳೆ ಮಿಕ್ಕಿರ್ಬೇಕಲ್ಲ?"

ಸಭೆಗೆ ಸಭೆಯೇ ಎಚ್ಚರವಾಯಿತು. ಕೊನೆಯಲ್ಲಿ ಒಂದೆಳೆ ಮಿಕ್ಕಿದರೆ ನಡುವೆ ಎಲ್ಲೋ ಕೈತಪ್ಪಿದೆ ಎಂದರ್ಥ. ಆ ಜಾಗ ಸಿಗುವವರೆಗೆ ಅಲ್ಲಿ ಯಾರೂ ಮಗ್ಗಕ್ಕೆ ಕೂರುವುದಿಲ್ಲ. ಗೊರಕೆಯ ಮಾವನವರು ತಪ್ಪು ಎಡಗಡೆಯದು ಎಂದರು, ಅವರ ತಮ್ಮ ಬಲಗಡೆಯದೆಂದು ಜಗಳಕ್ಕೇ ನಿಂತರು. ಮಿಕ್ಕ ಆ ಎಳೆಯೇ ನಾವೆಲ್ಲ, ಕೈತಪ್ಪಿದ್ದು ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ, ನಾಲ್ಕು ವರ್ಷದಿಂದ ನಾನು ಹುಡುಕುತ್ತಿರುವುದು ಅದನ್ನೇ ಎಂದು ಒಪ್ಪಿಕೊಂಡೆ. ನಾಲ್ಕು ವರ್ಷವೇ ಎಂದು ಇಡೀ ಬೀದಿ ನಕ್ಕಿತು. ಅವರು ಸಂಜೆಯೊಳಗೆ ಹುಡುಕಿಬಿಡುತ್ತಾರೆ. ಮಾನ ಹೋದರೂ ನನಗೆ ಕುಣಿಯುವಷ್ಟು ಖುಷಿ. ಗೈಡ್ ಅಲ್ಲೇ, ಮಗ್ಗದ ಹಲಗೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಹೊರಡುವಾಗ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು.

"ಹುಡುಕು ಕಣ್ಣು. ಆದ್ರೆ ಸಿಕ್ಕಿದ್ಮೇಲೆ ಸರಿಮಾಡಕ್ ಹೋಗ್ಬೇಡ. ಸರಿಮಾಡ್ಬುಟ್ರೆ ನಾವ್ಯಾರೂ ಇರಲ್ಲ."

ಮುಂದೆ ಮೌಖಿಕ ಪರೀಕ್ಷೆಯಲ್ಲಿ, ಆ ತಪ್ಪು ಸಿಕ್ಕಿದರೆ ಮುಂದೇನು ಎಂದು ಕೇಳಿದಾಗ ಈ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಪರೀಕ್ಷಕರು ಕನ್ನಡಕ ತೆಗೆದು ತಲೆದೂಗಿದರು. ಎಂಥ ಒಳನೋಟ, ಇದು ನಿಮ್ಮ ಸ್ವಂತದ್ದೇ ಎಂದು ಕೇಳಿದರು.

ಹೌದು ಸಾರ್ ಎಂದುಬಿಟ್ಟೆ.