ನಾಲ್ಕನೇ ತೊಟ್ಟಿಯ ಬಸುರನಿಗೆ ಹೆರಿಗೆ ರಜೆ

ಜಲಚರ ಪ್ರದರ್ಶನಾಲಯ, ಸಿಬ್ಬಂದಿ ಶಾಖೆ
ಸಂಖ್ಯೆ: ಜಪ್ರ/ಸಿಬ್ಬಂದಿ/ಹೆರಿಗೆ/ಗಂಡು/1

ಸುತ್ತೋಲೆ

ವಿಷಯ: ನಾಲ್ಕನೇ ತೊಟ್ಟಿಯ ಗಂಡು ಕಡಲಕುದುರೆಗೆ ಹೆರಿಗೆ ರಜೆ ಮಂಜೂರು ಮಾಡಿರುವ ಬಗ್ಗೆ ಹಾಗೂ ಅದನ್ನು ಸಮರ್ಥಿಸಿಕೊಳ್ಳುವ ಬಗ್ಗೆ.

ಉಲ್ಲೇಖ: 1. ತೊಟ್ಟಿ ತೊಳೆಯುವಾಕೆಯ ರಜೆ ಅರ್ಜಿ.
2. ಸದರಿ ಅರ್ಜಿಯನ್ನು ಪೂರ್ತಿ ಓದದೆ ಹೊರಡಿಸಲಾದ ಆದೇಶ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಏಳು ತಿಂಗಳ ಗರ್ಭಿಣಿಯಾದ ತೊಟ್ಟಿ ತೊಳೆಯುವಾಕೆ "ನಾಲ್ಕನೇ ತೊಟ್ಟಿ. ಬಸುರಿ. ಏಣಿ ಹತ್ತಲಾಗುವುದಿಲ್ಲ. ರಜೆ ಬೇಕು" ಎಂದು ಅರ್ಜಿ ಸಲ್ಲಿಸಿರುತ್ತಾರೆ. ಸ್ಥಳ ಪರಿಶೀಲನೆಗೆ ತೆರಳಿದ ತಂಡವು ನಾಲ್ಕನೇ ತೊಟ್ಟಿಯೊಳಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದ ಕಡಲಕುದುರೆಯನ್ನು ಕಂಡು, ಅದು ಏಣಿ ಹತ್ತಲಾರದೆಂಬುದನ್ನೂ ಖಚಿತಪಡಿಸಿಕೊಂಡು, ರಜೆ ಮಂಜೂರು ಮಾಡಿರುತ್ತದೆ. ತಂಡಕ್ಕೆ ಏಣಿ ಹಿಡಿದು ನಿಂತಿದ್ದವರೇ ಅರ್ಜಿದಾರರೆಂಬುದು ತರುವಾಯ ಗಮನಕ್ಕೆ ಬಂದಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಕಡಲಕುದುರೆಗಳಲ್ಲಿ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದೊಳಗೆ ಇಟ್ಟು ಹೋಗುತ್ತದೆ. ಹೊರುವುದೂ ಹೆರುವುದೂ ಗಂಡೇ. ಇದು ಇಲಾಖೆಗೆ ಮೊದಲೇ ಗೊತ್ತಿತ್ತೆಂದು ಭಾವಿಸತಕ್ಕದ್ದು. ಕಡತದಲ್ಲಿ "ಬಸುರಿ" ಎಂದಿರುವಲ್ಲೆಲ್ಲ "ಬಸುರ" ಎಂದೂ, "ಬಾಣಂತಿ" ಎಂದಿರುವಲ್ಲೆಲ್ಲ "ಬಾಣಂತ" ಎಂದೂ ಓದಿಕೊಳ್ಳತಕ್ಕದ್ದು.

2. ತಪ್ಪನ್ನು ಸರಿಪಡಿಸಿದಲ್ಲಿ ತಪ್ಪಾಗಿತ್ತೆಂದು ಒಪ್ಪಿಕೊಂಡಂತಾಗುವುದರಿಂದಲೂ, ಒಂದು ತೊಟ್ಟಿಗೆ ಒಂದೇ ಹೆರಿಗೆ ಎಂಬ ನಿಯಮವನ್ನು ನಿನ್ನೆಯಷ್ಟೇ ರೂಪಿಸಿರುವುದರಿಂದಲೂ, ಅರ್ಜಿದಾರರ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

3. "ಸಾರ್, ಅದು ಮೀನು. ನಾನು ಇಲ್ಲೇ ನಿಂತಿದೀನಲ್ಲ, ಒಂದ್ಸಲ ಈ ಕಡೆ ನೋಡಿ" ಎಂಬ ಅರ್ಜಿದಾರರ ಮೌಖಿಕ ಹೇಳಿಕೆಯನ್ನು ಪರಿಶೀಲಿಸಿ, ಅದು ಮೀನು ಎಂಬಷ್ಟರ ಮಟ್ಟಿಗೆ ಅಂಗೀಕರಿಸಲಾಗಿದೆ.

4. ಅರ್ಜಿದಾರರು ಎದುರು ತೊಟ್ಟಿಯ ಆಕ್ಟೋಪಸ್ ತಾಯಿಯನ್ನು ಮಾದರಿಯಾಗಿ ಇಟ್ಟುಕೊಳ್ಳತಕ್ಕದ್ದು. ಅನ್ನಾಹಾರ ಬಿಟ್ಟು ಮೊಟ್ಟೆ ಕಾಯುವ ಆಕೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತಾಳೆ. ಎಂಟು ಕೈಗಳಿದ್ದೂ ಇದುವರೆಗೆ ಒಂದು ಅರ್ಜಿಯನ್ನೂ ಬರೆದಿರುವುದಿಲ್ಲ.

5. ಕೋಡಂಗಿ ಮೀನುಗಳಲ್ಲಿ ಹೆಣ್ಣು ತೀರಿಕೊಂಡರೆ ಅದರ ಜೊತೆಗಿದ್ದ ಗಂಡೇ ಹೆಣ್ಣಾಗಿ ಮುಂದಿನ ಮೊಟ್ಟೆ ಇಡುತ್ತದೆ. ಇದೇ ಪ್ರಕಾರ ಅರ್ಜಿದಾರರ ಸ್ಥಾನದಲ್ಲಿ ಪ್ರಭಾರ ಬಸುರನಾಗಲು ಒಪ್ಪಿಗೆಯೇ ಎಂದು ಕಾವಲುಗಾರನನ್ನು ಕೇಳಲಾಗಿ, "ಮೊದಲು ದೊಡ್ಡ ಸಾಹೇಬ್ರನ್ನ ಕೇಳಿ, ಅವರ ಹೊಟ್ಟೆ ಆಗ್ಲೇ ತಯಾರಿದೆ" ಎಂದಿರುತ್ತಾನೆ. ವಿಚಾರಣೆ ಜಾರಿಯಲ್ಲಿದೆ.

6. ಕೆಲವು ಜಾತಿಯ ಗಂಡು ಮೀನುಗಳು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಮರಿಯಾಗುವವರೆಗೆ ಒಂದು ತುತ್ತೂ ತಿನ್ನುವುದಿಲ್ಲ. ಈ ಶಾಖೆಯ ಅಧಿಕಾರಿಗಳು ಮೊಟ್ಟೆಯಿಲ್ಲದೆಯೇ ಬಾಯಿ ಮುಚ್ಚಿಕೊಂಡಿರುವುದನ್ನು ಸಾಧಿಸಿರುತ್ತಾರೆ. ತಿನ್ನುವುದನ್ನು ಮಾತ್ರ ನಿಲ್ಲಿಸಲಾಗಿಲ್ಲ.

7. ಸದರಿ ಕಡಲಕುದುರೆಗೆ ಇಂದು ಹೆರಿಗೆಯಾಗಿದ್ದು, ಹೆತ್ತ ಮರಿಗಳತ್ತ ಅದು ತಿರುಗಿಯೂ ನೋಡಿರುವುದಿಲ್ಲ. ಮಾಡಿದ್ದನ್ನು ತಿರುಗಿ ನೋಡದ ಈ ಗುಣ ಇಲಾಖೆಗೆ ಹೊಸದಲ್ಲ. ಬಾಣಂತನಕ್ಕಾಗಿ ರಜೆಯನ್ನು ಆರು ತಿಂಗಳು ವಿಸ್ತರಿಸಿ, ತಣ್ಣನೆ ಗಾಳಿ ತಾಗದಂತೆ ತೊಟ್ಟಿಗೆ ಪರದೆ ಕಟ್ಟಲು ಆದೇಶಿಸಲಾಗಿದೆ.

ಸಹಿ/-
ಮೇಲ್ವಿಚಾರಕರ ಪರವಾಗಿ
(ಮೇಲ್ವಿಚಾರಕರು ಮಗಳ ಬಾಣಂತನದ ನಿಮಿತ್ತ ರಜೆಯಲ್ಲಿರುತ್ತಾರೆ)

ಪ್ರತಿ:
1. ಕಡಲಕುದುರೆಗೆ: ಗಾಜಿನ ಹೊರಗಿನಿಂದ ತೋರಿಸಲು.
2. ಆಕ್ಟೋಪಸ್ ತಾಯಿಗೆ: ಬದುಕಿದ್ದಲ್ಲಿ.
3. ಕಾವಲುಗಾರನಿಗೆ: ನಗದೆ ಓದಿಕೊಳ್ಳಲು.
4. ತೊಟ್ಟಿ ತೊಳೆಯುವಾಕೆಗೆ: ಏಣಿ ಹತ್ತಿ ಪರದೆ ಕಟ್ಟಲು. ಕಾಲು ಜಾರಿದಲ್ಲಿ ಸದ್ದಾಗದಂತೆ ಬೀಳತಕ್ಕದ್ದು. ಒಳಗೆ ಬಾಣಂತ ಮಲಗಿರುತ್ತಾನೆ.